ಐದು ಸಾವಿರಕ್ಕೆ ಒಂದು: ರನಿಯೇರಿ ಅನ್ನೋ ಡಿಫೆಂಡರ್ ಕಥೆ

ಭಾಗ 1

ಫೋಟೋ ನೋಡಿದ ಕೂಡಲೇ ಅರ್ಧ ಜನಕ್ಕೆ ಗೊತ್ತಾಗಿರತ್ತೆ. 2016ರ ಮೇ 7, ಇಂಗ್ಲೆಂಡಿನ ಲೆಸ್ಟರ್ ಊರಿನ ಕಿಂಗ್ ಪವರ್ ಸ್ಟೇಡಿಯಂ. ಕಪ್‌ನ ಒಂದು ಕಿವಿ ಹಿಡಿದಿರೋದು ಕ್ಯಾಪ್ಟನ್ ವೆಸ್ ಮೋರ್ಗನ್. ಇನ್ನೊಂದು ಕಿವಿ ಹಿಡಿದಿರೋ ಬಿಳಿ ಕೂದಲಿನ, ಕನ್ನಡಕದ ಅಜ್ಜನೇ ಕ್ಲಾಡಿಯೋ ರನಿಯೇರಿ. ಆಗ ಅವರಿಗೆ 64 ವರ್ಷ. ಸರ್ಕಾರಿ ಕೆಲಸದಲ್ಲಿ ಇದ್ದಿದ್ದರೆ ಯಾವಾಗಲೋ ರಿಟೈರ್ ಆಗಿ ಪೆನ್ಷನ್ ತಗೊಳ್ತಾ ಇರಬೇಕಿದ್ದ ವಯಸ್ಸು.

ಹೋದ ಸರಣಿಯ ಕೆಳಗೆ ನಮ್ಮ ಕ್ಲಾಸಿನವನೇ ಒಬ್ಬ ಕಾಮೆಂಟ್ ಹಾಕಿದ್ದ: ರನಿಯೇರಿ ಬಗ್ಗೆ ಬರೆಯೋಕೆ ಏನಿದೆ, ಒಂದು ಸೀಸನ್ ಲಕ್ ಹೊಡೀತು ಅಷ್ಟೇ, ಅಂತ. ಅದಕ್ಕೆ ಹದಿನೆಂಟು ಲೈಕ್ ಬೇರೆ. ನಾನು ಅಲ್ಲೇ ಉತ್ತರ ಬರೆಯೋಕೆ ಹೋದೆ, ಬರೀತಾ ಬರೀತಾ ಅದು ಎಂಟು ಪೋಸ್ಟ್ ಆಗೋಯ್ತು. ಮಗಾ, ನಿನ್ನ ಹೆಸರು ಹಾಕಲ್ಲ, ಆದರೆ ಪೂರ್ತಿ ಓದಬೇಕು.

ನಾನು ನಮ್ಮ ಡಿಪಾರ್ಟ್‌ಮೆಂಟ್ ಟೀಮಲ್ಲಿ ಸೆಂಟರ್ ಬ್ಯಾಕ್ ಅನ್ನೋದು ನಿಮಗೆ ಗೊತ್ತು. ಡಿಫೆಂಡರ್‌ಗಳ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಇದೆ. ಅದನ್ನ ಮೊದಲೇ ಒಪ್ಕೋತೀನಿ.

ಭಾಗ 2

ಇದು ಕಪ್ಪು ಬಿಳುಪು ಫೋಟೋ. ಕೂದಲು ತುಂಬ ಇರೋ ಹುಡುಗನೇ ರನಿಯೇರಿ.

1951ರ ಅಕ್ಟೋಬರ್ 20ರಂದು ರೋಮ್ ನಗರದಲ್ಲಿ ಹುಟ್ಟಿದ್ದು. ಅಪ್ಪನದು ಮಾಂಸದಂಗಡಿ. ಮನೆ, ಅಂಗಡಿ, ಓಣಿ ಎಲ್ಲಾ ಎ.ಎಸ್. ರೋಮಾ ಅಭಿಮಾನಿಗಳದ್ದೇ, ಹಾಗಾಗಿ ಇವರೂ ರೋಮಾ ಹುಚ್ಚರೇ. ಹುಡುಗನಾಗಿದ್ದಾಗ ಆಡ್ತಾ ಇದ್ದಿದ್ದು ಫಾರ್ವರ್ಡ್ ಆಗಿ, ಆಮೇಲೆ ಹಿಂದಕ್ಕೆ ಬಂದು ಡಿಫೆಂಡರ್ ಆದರು. 1973ರಲ್ಲಿ ರೋಮಾ ಸೀನಿಯರ್ ಟೀಮಿಗೆ ಆಡೋ ಅವಕಾಶ ಸಿಕ್ತು. ಎಷ್ಟು ಲೀಗ್ ಮ್ಯಾಚ್ ಗೊತ್ತಾ? ಆರು. ಬಾಲ್ಯದಿಂದ ಕನಸು ಕಂಡ ಟೀಮಿಗೆ ಆಡಿದ್ದು ಬರೀ ಆರು ಮ್ಯಾಚ್.

1974ರಲ್ಲಿ ಕತಾಂಝಾರೋ ಅನ್ನೋ ಊರಿಗೆ ಹೋದರು. ಬೂಟಿನ ಆಕಾರದ ಇಟಲಿ ಮ್ಯಾಪ್ ತೆಗೆದು ನೋಡಿ, ಬೂಟಿನ ಬೆರಳಿನ ಹತ್ತಿರ ಕಲಾಬ್ರಿಯಾ ಅಂತ ಒಂದು ಪ್ರದೇಶ ಇದೆ. ಅಲ್ಲಿನ ಬೆಟ್ಟದ ಮೇಲಿನ ಊರು ಇದು. ಉತ್ತರದ ಮಿಲಾನ್, ಟುರಿನ್ ಕಡೆಯ ಫ್ಯಾಕ್ಟರಿ ದುಡ್ಡು ತಲುಪದ ಬಡ ದಕ್ಷಿಣ. ಅಲ್ಲಿ ಎಂಟು ವರ್ಷ, ಇನ್ನೂರಕ್ಕೂ ಹೆಚ್ಚು ಮ್ಯಾಚ್. ಟೀಮು 1976ರಲ್ಲಿ ಮೇಲಿನ ಡಿವಿಷನ್‌ಗೆ, ಅಂದ್ರೆ ಸೀರಿ ಎಗೆ ಹೋಯ್ತು, ಕೆಳಗೆ ಬಿತ್ತು, 1978ರಲ್ಲಿ ಮತ್ತೆ ಹೋಯ್ತು. ಆಮೇಲೆ ಸಿಸಿಲಿ ದ್ವೀಪದ ಕತಾನಿಯಾ, ಅವರೂ 1983ರಲ್ಲಿ ಮೇಲೆ ಬಂದರು. ಆಮೇಲೆ ಪಲೆರ್ಮೋ, ಅವರೂ 1985ರಲ್ಲಿ ಮೂರನೇ ಡಿವಿಷನ್‌ನಿಂದ ಎರಡನೇದಕ್ಕೆ.

ನಾಲ್ಕು ಪ್ರಮೋಷನ್. ಒಂದು ದೊಡ್ಡ ಕಪ್ಪೂ ಇಲ್ಲ, ಇಟಲಿ ರಾಷ್ಟ್ರೀಯ ತಂಡದ ಜರ್ಸಿಯೂ ಇಲ್ಲ. 1986ರಲ್ಲಿ ಪಲೆರ್ಮೋ ಕ್ಲಬ್ ಸಾಲದಲ್ಲಿ ಮುಳುಗಿ ಬಾಗಿಲು ಹಾಕ್ತು. ಅಕೌಂಟ್ಸ್ ಓದೋ ನಮಗೆ ಇದು ಲಿಕ್ವಿಡೇಷನ್ ಚಾಪ್ಟರ್. ರನಿಯೇರಿಗೆ ಆಟದ ಬದುಕು ಅಲ್ಲಿಗೇ ಮುಗೀತು.

ಆಟಗಾರನಾಗಿ ಈ ಮನುಷ್ಯ ಹನ್ನೆರಡು ವರ್ಷ ಮಾಡಿದ್ದು ಒಂದೇ ಕೆಲಸ: ದುಡ್ಡಿಲ್ಲದ ಊರಿನ ಟೀಮನ್ನ ಒಂದು ಮೆಟ್ಟಿಲು ಮೇಲಕ್ಕೆ ತಳ್ಳೋದು. ಇದನ್ನ ನೆನಪಲ್ಲಿ ಇಟ್ಕೊಳ್ಳಿ.

ಭಾಗ 3

ಕೋಚ್ ಆಗಿ ಶುರು ಮಾಡಿದ್ದು ತೀರಾ ಕೆಳಗಿನ ಲೀಗ್‌ಗಳಲ್ಲಿ. 1988ರಲ್ಲಿ ಸಾರ್ಡೀನಿಯಾ ದ್ವೀಪದ ಕಾಲ್ಯರಿ ಕ್ಲಬ್ ಕರೀತು. ಇಟಾಲಿಯನ್‌ನಲ್ಲಿ ಜಿ ಅಕ್ಷರ ಇದ್ದರೂ ಉಚ್ಚಾರ ಕಾಲ್ಯರಿ ಅಂತಲೇ. ಹೋದ ಸಲ ಕಾಗ್ಲಿಯಾರಿ ಅಂತ ಬರೆದು ಬೈಸಿಕೊಂಡಿದ್ದೀನಿ. ಇದೇ ಕ್ಲಬ್ 1970ರಲ್ಲಿ ಗಿಗಿ ರಿವಾ ಕಾಲದಲ್ಲಿ ಇಟಲಿಗೇ ಚಾಂಪಿಯನ್ ಆಗಿತ್ತು. 1988ರ ಹೊತ್ತಿಗೆ ಮೂರನೇ ಡಿವಿಷನ್‌ಗೆ ಜಾರಿತ್ತು.

1989ರಲ್ಲಿ ಮೂರರಿಂದ ಎರಡು. 1990ರಲ್ಲಿ ಎರಡರಿಂದ ಒಂದು. ಸತತ ಎರಡು ವರ್ಷ, ಎರಡು ಪ್ರಮೋಷನ್. ಮೂರನೇ ವರ್ಷ ಸೀರಿ ಎಯಲ್ಲೇ ಉಳಿಸಿ ತೋರಿಸಿದರು. ಆಗಿನ ಸೀರಿ ಎ ಅಂದ್ರೆ ಮರಡೋನಾ, ಫಾನ್ ಬಾಸ್ಟನ್, ಮಥೇಯಸ್ ಎಲ್ಲಾ ಆಡ್ತಾ ಇದ್ದ ಲೀಗ್, ತಮಾಷೆ ಅಲ್ಲ.

ಅಲ್ಲಿಂದ ನಾಪೊಲಿ. ಮರಡೋನಾ ಬಿಟ್ಟುಹೋದ ಮನೆ. ಮೊದಲ ವರ್ಷ ನಾಲ್ಕನೇ ಸ್ಥಾನ, ಎರಡನೇ ವರ್ಷ ಕೆಲವೇ ತಿಂಗಳಲ್ಲಿ ಕೆಲಸ ಹೋಯ್ತು. ಅದೂ ಒಂದು ಡಿಸ್ಮಿಸ್. ಲೆಕ್ಕ ಇಡೋಕೆ ಹೋಗಬೇಡಿ, ಮುಂದೆ ಬಹಳ ಇದೆ.

1993ರಲ್ಲಿ ಫಿಯೊರೆಂಟಿನಾ. ಬಟಿಸ್ಟೂಟಾ ಇದ್ದ ಟೀಮು ಎರಡನೇ ಡಿವಿಷನ್‌ಗೆ ಬಿದ್ದಿತ್ತು. ಒಂದೇ ವರ್ಷದಲ್ಲಿ ವಾಪಸ್. 1996ರಲ್ಲಿ ಇಟಾಲಿಯನ್ ಕಪ್, ಅದೇ ವರ್ಷ ಸೂಪರ್ ಕಪ್‌ನಲ್ಲಿ ಚಾಂಪಿಯನ್ ಎ.ಸಿ. ಮಿಲಾನ್ ತಂಡವನ್ನ ಅವರದೇ ಅಂಗಳದಲ್ಲಿ 2-1ರಿಂದ ಸೋಲಿಸಿದ್ದು. ಎರಡೂ ಗೋಲು ಬಟಿಸ್ಟೂಟಾದು.

ಆಮೇಲೆ ಸ್ಪೇನ್. ವೆಲೆನ್ಸಿಯಾಗೆ 1999ರಲ್ಲಿ ಸ್ಪ್ಯಾನಿಷ್ ಕಪ್, ಫೈನಲ್‌ನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ವಿರುದ್ಧ 3-0. ಮುಂದಿನ ಎರಡು ವರ್ಷ ವೆಲೆನ್ಸಿಯಾ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಹೋಯ್ತು, ಆದರೆ ಬೇರೆ ಕೋಚ್ ಕೈಯಲ್ಲಿ. ಬಿತ್ತಿದ್ದು ಒಬ್ಬರು, ಕೊಯ್ದಿದ್ದು ಇನ್ನೊಬ್ಬರು. ಇವರು ಯಾರ ಹತ್ತಿರ ಹೋದರು? ಅದೇ ಅಟ್ಲೆಟಿಕೊಗೆ. ಅಲ್ಲಿ ಮಾಲೀಕನ ಹಣಕಾಸಿನ ಗಲಾಟೆ ಕೋರ್ಟ್ ಮೆಟ್ಟಿಲೇರಿ, ಕ್ಲಬ್ ನೋಡಿಕೊಳ್ಳೋಕೆ ಕೋರ್ಟೇ ಆಡಳಿತಗಾರನನ್ನ ಕೂರಿಸ್ತು. ಮಾರ್ಚ್ 2000ಕ್ಕೆ ರನಿಯೇರಿ ಹೊರಗೆ, ಸೀಸನ್ ಕೊನೆಗೆ ಟೀಮು ಕೆಳಗಿನ ಡಿವಿಷನ್‌ಗೆ.

ಭಾಗ 4

ಚೆಲ್ಸಿ ಫ್ಯಾನ್‌ಗಳೇ, ಇದು ನಿಮಗೆ.

2000ದ ಸೆಪ್ಟೆಂಬರ್‌ನಲ್ಲಿ ಲಂಡನ್‌ಗೆ ಬಂದಾಗ ರನಿಯೇರಿಗೆ ಇಂಗ್ಲಿಷ್ ಸರಿಯಾಗಿ ಬರ್ತಾ ಇರಲಿಲ್ಲ. ಪತ್ರಿಕೆಯವರು ಅದನ್ನೇ ಹಿಡ್ಕೊಂಡು ನಕ್ಕರು. ಪ್ರತಿ ವಾರ ಟೀಮ್ ಬದಲಾಯಿಸ್ತಾರೆ ಅಂತ ಟಿಂಕರ್‌ಮ್ಯಾನ್ ಅನ್ನೋ ಅಡ್ಡಹೆಸರು ಇಟ್ಟರು. ನಮ್ಮ ಕಡೆ ಹೇಳೋದಾದ್ರೆ ಸುಮ್ಮನೆ ಕೂರದೆ ರೇಡಿಯೋ ಬಿಚ್ಚಿ ಬಿಚ್ಚಿ ರಿಪೇರಿ ಮಾಡ್ತಾ ಇರೋ ಮಾವ ಇರ್ತಾರಲ್ಲ, ಹಾಗೆ.

ಆದರೆ 2001ರಲ್ಲಿ ವೆಸ್ಟ್ ಹ್ಯಾಮ್‌ನಿಂದ ಫ್ರಾಂಕ್ ಲ್ಯಾಂಪಾರ್ಡ್‌ನ ಕರ್ಕೊಂಡು ಬಂದಿದ್ದು ಇದೇ ಮಾವ. ಜಾನ್ ಟೆರಿಯನ್ನ ಹುಡುಗನಾಗಿದ್ದಾಗಲೇ ನಂಬಿ ಆಡಿಸಿದ್ದು ಇದೇ ಮಾವ. 2003ರ ಸೀಸನ್‌ನ ಕೊನೇ ದಿನ ಲಿವರ್‌ಪೂಲ್ ವಿರುದ್ಧ 2-1 ಗೆದ್ದು ಚಾಂಪಿಯನ್ಸ್ ಲೀಗ್ ಟಿಕೆಟ್ ತಗೊಂಡರು. ಅದಾದ ಕೆಲವೇ ವಾರಕ್ಕೆ ಅಬ್ರಮೊವಿಚ್ ಕ್ಲಬ್ ಕೊಂಡುಕೊಂಡಿದ್ದು.

2003-04ರ ಇಡೀ ಸೀಸನ್ ಪೇಪರ್‌ನಲ್ಲಿ ದಿನಾ ಒಂದೇ ಸುದ್ದಿ: ರನಿಯೇರಿ ಜಾಗಕ್ಕೆ ಯಾರು? ನಿಮ್ಮ ಕುರ್ಚಿಯಲ್ಲಿ ನೀವು ಕೂತಿರೋವಾಗಲೇ ನಿಮ್ಮೆದುರು ಬೇರೆಯವರನ್ನ ಇಂಟರ್‌ವ್ಯೂ ಮಾಡಿದ ಹಾಗೆ. ಅಂಥ ಪರಿಸ್ಥಿತಿಯಲ್ಲೂ ಲೀಗ್‌ನಲ್ಲಿ ಎರಡನೇ ಸ್ಥಾನ. ಮೊದಲನೇದು ಯಾರು ಅಂದ್ರೆ, ಒಂದೂ ಮ್ಯಾಚ್ ಸೋಲದ ಆರ್ಸೆನಲ್. ಆ ಆರ್ಸೆನಲ್ ತಂಡವನ್ನೇ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ನಲ್ಲಿ ಹೈಬರಿಯಲ್ಲಿ ಮನೆಗೆ ಕಳಿಸಿದ್ದರು.

ಸೆಮಿಫೈನಲ್ ಮೊನಾಕೊ ಜೊತೆ. ಇಲ್ಲಿ ನಾನು ರನಿಯೇರಿ ಪರ ವಾದ ಮಾಡಲ್ಲ. ಸ್ಕೋರ್ 1-1, ಎದುರಾಳಿಗೆ ರೆಡ್ ಕಾರ್ಡ್ ಆಗಿ ಹತ್ತೇ ಜನ. ಅಂಥ ಮ್ಯಾಚಲ್ಲಿ ಬದಲಾವಣೆ ಮೇಲೆ ಬದಲಾವಣೆ ಮಾಡಿ, ತಮ್ಮದೇ ಟೀಮಿನ ಆಕಾರ ಕೆಡಿಸಿ, 3-1 ಸೋತರು. ಹತ್ತು ಜನರ ವಿರುದ್ಧ! ವಾಪಸ್ ಲಂಡನ್‌ನಲ್ಲಿ 2-2, ಮುಗೀತು. ಮೇ 31ಕ್ಕೆ ಕೆಲಸ ಹೋಯ್ತು, ಜೋಸೆ ಮೊರಿನ್ಯೊ ಬಂದ, ಮುಂದಿನ ಎರಡು ವರ್ಷ ಲೀಗ್ ಗೆದ್ದ. ಲ್ಯಾಂಪಾರ್ಡ್, ಟೆರಿ, ಮಕೆಲೆಲೆ ಎಲ್ಲಾ ಅಲ್ಲೇ ಇದ್ದರು. ಮತ್ತೆ ಅದೇ, ಬಿತ್ತಿದ್ದು ಒಬ್ಬರು.

ಭಾಗ 5

ವೆಲೆನ್ಸಿಯಾಗೆ ಎರಡನೇ ಸಲ ಹೋಗಿ 2004ರ ಯುಯೆಫಾ ಸೂಪರ್ ಕಪ್ ಗೆದ್ದು ಕೆಲವೇ ತಿಂಗಳಲ್ಲಿ ಡಿಸ್ಮಿಸ್ ಆಗಿದ್ದು, ಪಾರ್ಮಾ ತಂಡವನ್ನ ಮುಳುಗೋದರಿಂದ ಉಳಿಸಿದ್ದು, ಯುವೆಂಟಸ್‌ನಲ್ಲಿ ಮೂರನೇ ಸ್ಥಾನ ತಂದು, ಮರುವರ್ಷ ಎರಡು ಮ್ಯಾಚ್ ಬಾಕಿ ಇರುವಾಗ ಕೆಲಸ ಕಳ್ಕೊಂಡಿದ್ದು, ಇದನ್ನೆಲ್ಲ ಹಾರಿಸ್ತೀನಿ. ಯಾಕಂದ್ರೆ 2010ಕ್ಕೆ ಬರಬೇಕು.

2009ರ ಸೆಪ್ಟೆಂಬರ್. ಮೊದಲ ಎರಡು ಮ್ಯಾಚ್ ಸೋತು ರೋಮಾ ಕೋಚ್ ರಾಜೀನಾಮೆ ಕೊಟ್ಟರು. ಕರೆದಿದ್ದು ರನಿಯೇರಿಯನ್ನ. ಆರೇ ಮ್ಯಾಚ್ ಆಡಿಸಿ ಬಿಟ್ಟ ಕ್ಲಬ್ ಈಗ ಕೋಚ್ ಆಗಿ ಬಾ ಅಂತಿದೆ. ಅಲ್ಲಿಂದ ಲೀಗ್‌ನಲ್ಲಿ ಸತತ 24 ಮ್ಯಾಚ್ ಸೋಲಲಿಲ್ಲ. ಏಪ್ರಿಲ್‌ನಲ್ಲಿ ಮೊರಿನ್ಯೊನ ಇಂಟರ್ ತಂಡವನ್ನ ಹಿಂದೆ ಹಾಕಿ ಟೇಬಲ್ ಮೇಲಕ್ಕೆ ಬಂದರು. ಹೌದು, ಮತ್ತೆ ಅದೇ ಮೊರಿನ್ಯೊ.

ಏಪ್ರಿಲ್ 18, ಡರ್ಬಿ. ರೋಮಾ ವಿರುದ್ಧ ಲಾಟ್ಸಿಯೊ, ಒಂದೇ ಊರಿನ ಎರಡು ಕ್ಲಬ್. ಹಾಫ್ ಟೈಮ್‌ಗೆ ರೋಮಾ 0-1 ಹಿಂದೆ. ಆಗ ರನಿಯೇರಿ ಏನು ಮಾಡಿದರು ಗೊತ್ತಾ? ಫ್ರಾನ್ಸೆಸ್ಕೊ ಟೊಟ್ಟಿ ಮತ್ತು ಡೇನಿಯೆಲೆ ಡೆ ರೊಸ್ಸಿ, ಇಬ್ಬರನ್ನೂ ಒಟ್ಟಿಗೆ ಹೊರಗೆ ಕೂರಿಸಿದರು. ಇಬ್ಬರೂ ರೋಮ್‌ನಲ್ಲೇ ಹುಟ್ಟಿದವರು, ಒಬ್ಬ ಆ ಊರಿನ ರಾಜ, ಇನ್ನೊಬ್ಬ ಯುವರಾಜ. ನನ್ನನ್ನ ಇಂಟರ್ ಕಾಲೇಜ್ ಮ್ಯಾಚಲ್ಲಿ ಹಾಫ್ ಟೈಮ್‌ಗೆ ತೆಗೆದಿದ್ದಕ್ಕೇ ನಾನು ಎರಡು ದಿನ ಯಾರ ಜೊತೆಗೂ ಮಾತಾಡಿರಲಿಲ್ಲ. ಇಲ್ಲಿ ಸೋತಿದ್ದರೆ ರನಿಯೇರಿ ಆ ಊರಲ್ಲಿ ತಲೆ ಎತ್ತಿ ಓಡಾಡೋ ಹಾಗೇ ಇರಲಿಲ್ಲ. ಊರೇ ಅವರದು ಬೇರೆ.

ಎರಡನೇ ಹಾಫ್‌ನಲ್ಲಿ ಲಾಟ್ಸಿಯೊಗೆ ಪೆನಾಲ್ಟಿ ಸಿಕ್ತು, ಕೀಪರ್ ಜೂಲಿಯೊ ಸೆರ್ಜಿಯೊ ತಡೆದ. ಆಮೇಲೆ ವುಚಿನಿಚ್ ಎರಡು ಗೋಲು. 2-1.

ಸರಿಯಾಗಿ ಒಂದು ವಾರ. ಏಪ್ರಿಲ್ 25, ಅದೇ ಸ್ಟೇಡಿಯಂ, ಸಂಪ್ಡೋರಿಯಾ ವಿರುದ್ಧ. ಟೊಟ್ಟಿ ಮೊದಲ ಗೋಲು ಹೊಡೆದ. ಎರಡನೇ ಹಾಫ್‌ನಲ್ಲಿ ಪತ್ಸೀನಿ ಎರಡು ಹೊಡೆದ. 1-2. ಕೊನೆಗೆ ಇಂಟರ್ ಎರಡು ಪಾಯಿಂಟ್ ಅಂತರದಿಂದ ಲೀಗ್ ಗೆದ್ದಿತು, ಇಟಾಲಿಯನ್ ಕಪ್ ಫೈನಲ್‌ನಲ್ಲೂ ರೋಮಾನ ಸೋಲಿಸ್ತು, ಚಾಂಪಿಯನ್ಸ್ ಲೀಗೂ ಗೆದ್ದು ಮೂರಕ್ಕೆ ಮೂರು. ಇತಿಹಾಸದಲ್ಲಿ ಆ ವರ್ಷ ಮೊರಿನ್ಯೊದು. ನನ್ನ ಮಟ್ಟಿಗೆ ರನಿಯೇರಿ ಬದುಕಿನ ನಿಜವಾದ ಗಾಯ ಇದೇ. ಲೆಸ್ಟರ್ ಸಿಕ್ಕಿದ್ದರಿಂದ ಇದು ವಾಸಿಯಾಯ್ತು ಅಂತ ನನಗೆ ಅನ್ನಿಸಲ್ಲ.

ಭಾಗ 6

2014ರ ಹೊತ್ತಿಗೆ ಲೆಕ್ಕ ಹೀಗಿತ್ತು: ಇಂಗ್ಲೆಂಡಲ್ಲಿ ಎರಡನೇ ಸ್ಥಾನ, ಇಟಲಿಯಲ್ಲಿ ಎರಡನೇ ಸ್ಥಾನ, ಮೊನಾಕೊ ತಂಡವನ್ನ ಎರಡನೇ ಡಿವಿಷನ್‌ನಿಂದ ಎತ್ತಿ ಮರುವರ್ಷವೇ ಫ್ರಾನ್ಸಲ್ಲಿ ಎರಡನೇ ಸ್ಥಾನ. ಅಲ್ಲೂ ಥ್ಯಾಂಕ್ಸ್ ಹೇಳಿ ಕಳಿಸಿದರು. ಯಾವ ದೇಶದಲ್ಲೂ ಮೊದಲ ಡಿವಿಷನ್ ಕಪ್ ಇಲ್ಲ.

ಆಮೇಲೆ ಗ್ರೀಸ್ ರಾಷ್ಟ್ರೀಯ ತಂಡ. ನಾಲ್ಕು ಮ್ಯಾಚ್, ಮೂರು ಸೋಲು, ಒಂದು ಡ್ರಾ. ಕೊನೇ ಸೋಲು 2014ರ ನವೆಂಬರ್ 14ರಂದು ಸ್ವಂತ ನೆಲದಲ್ಲಿ ಫೆರೋ ದ್ವೀಪಗಳ ವಿರುದ್ಧ, 0-1. ಫೆರೋ ಜನಸಂಖ್ಯೆ ಸುಮಾರು ಐವತ್ತು ಸಾವಿರ. ನಮ್ಮ ಒಂದು ಸಾಧಾರಣ ತಾಲ್ಲೂಕು ಕೇಂದ್ರದಷ್ಟು. ಮರುದಿನವೇ ಡಿಸ್ಮಿಸ್. ಇದಕ್ಕಿಂತ ಕೆಳಗೆ ಹೋಗೋಕೆ ಆಗಲ್ಲ ಗುರು.

ಎಂಟು ತಿಂಗಳು ಬಿಟ್ಟು, 2015ರ ಜುಲೈ 13ರಂದು ಲೆಸ್ಟರ್ ಸಿಟಿ ಇವರನ್ನ ಕೋಚ್ ಮಾಡ್ತು. ಹಿಂದಿನ ಸೀಸನ್‌ನಲ್ಲಿ ಕೊನೇ ಸ್ಥಾನದಲ್ಲಿ ಒದ್ದಾಡಿ, ಕೊನೆಯ ಒಂಬತ್ತು ಮ್ಯಾಚಲ್ಲಿ ಏಳು ಗೆದ್ದು ಜೀವ ಉಳಿಸಿಕೊಂಡಿದ್ದ ಟೀಮು. ಅದೇ ಊರಲ್ಲಿ ಹುಟ್ಟಿದ ಗ್ಯಾರಿ ಲಿನಕರ್‌ಗೂ ಈ ಆಯ್ಕೆ ಕೇಳಿ ಆಶ್ಚರ್ಯ ಆಗಿತ್ತು, ಬಹಿರಂಗವಾಗೇ ಹೇಳ್ಕೊಂಡಿದ್ದರು. ಬುಕ್ಕಿಗಳು ಲೆಸ್ಟರ್ ಗೆಲ್ಲೋದಕ್ಕೆ ಕೊಟ್ಟ ದರ 5000ಕ್ಕೆ 1.

ಇಲ್ಲಿ ಬಿಕಾಂ ಬುದ್ಧಿ ಸ್ವಲ್ಪ ಓಡಿಸ್ತೀನಿ. 5000ಕ್ಕೆ 1 ಅಂದ್ರೆ ಪ್ರಾಬಬಿಲಿಟಿ 5001ರಲ್ಲಿ ಒಂದು, ಶೇಕಡಾ 0.02. ಅಂದ್ರೆ ಐದು ಸಾವಿರ ವರ್ಷಕ್ಕೊಮ್ಮೆ ಆಗೋ ಘಟನೆ. ಸಿಂಧೂ ಕಣಿವೆ ಕಾಲದಿಂದ ಲೀಗ್ ನಡೆಸ್ಕೊಂಡು ಬಂದಿದ್ದರೆ ಈಗ ಒಂದು ಸಲ ಆಗಬೇಕಿತ್ತು! ಯಾರೂ ಹಾಗೆ ಲೆಕ್ಕ ಹಾಕಿ ಆ ನಂಬರ್ ಇಟ್ಟಿರಲ್ಲ. ಇದು ಆಗಲ್ಲ ಅನ್ನೋ ಮಾತನ್ನೇ ಅಂಕಿಯಲ್ಲಿ ಬರೆದಿದ್ದು. ಮಾರ್ಕೆಟ್ ಬೆಲೆ ಯಾವಾಗಲೂ ಸರಿ ಅನ್ನೋರಿಗೆ ನಾನು ಈ ಉದಾಹರಣೆ ಕೊಡ್ತೀನಿ. ಸೆಮಿನಾರ್‌ನಲ್ಲೂ ಕೊಟ್ಟೆ, ಮಾರ್ಕ್ಸ್ ಬರಲಿಲ್ಲ, ಅದು ಬೇರೆ ವಿಷಯ.

ಭಾಗ 7

ಟಿಂಕರ್‌ಮ್ಯಾನ್ ಲೆಸ್ಟರ್‌ನಲ್ಲಿ ಮಾಡಿದ ದೊಡ್ಡ ಕೆಲಸ ಏನು ಅಂದ್ರೆ, ಟಿಂಕರ್ ಮಾಡದೇ ಇದ್ದಿದ್ದು. ಹಿಂದಿನ ಕೋಚ್ ನೈಜೆಲ್ ಪಿಯರ್ಸನ್ ಕಟ್ಟಿದ್ದ ಟೀಮು, ಅವರ ಸಹಾಯಕರು, ಎಲ್ಲಾ ಹಾಗೇ ಇಟ್ಕೊಂಡರು. ವಾರ ವಾರ ಹೆಚ್ಚುಕಡಿಮೆ ಅದೇ ಹನ್ನೊಂದು ಜನ. ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಾ ಸಣ್ಣ ಲೀಗ್‌ನಲ್ಲಿ ಆಡ್ತಿದ್ದ ಜೇಮಿ ವಾರ್ಡಿ. ಫ್ರಾನ್ಸಿನ ಎರಡನೇ ಡಿವಿಷನ್‌ನಿಂದ ಅಗ್ಗಕ್ಕೆ ಬಂದ ರಿಯಾದ್ ಮಹ್ರೆಜ್. ಆ ಬೇಸಿಗೆಯಲ್ಲಿ ಬಂದ ಎನ್‌ಗೊಲೊ ಕಾಂಟೆ. ಹಿಂದೆ ಮೋರ್ಗನ್ ಜೊತೆ ರಾಬರ್ಟ್ ಹೂತ್. ಹೂತ್ ಯಾರು ಗೊತ್ತಾ? ಚೆಲ್ಸಿಯಲ್ಲಿ ಇದೇ ರನಿಯೇರಿ ಹುಡುಗನಾಗಿದ್ದಾಗ ಆಡಿಸಿದ್ದ ಡಿಫೆಂಡರ್.

ಶುರುವಿನಲ್ಲಿ ಗೋಲು ಹೊಡೀತಾ ಇದ್ದರು, ಬಿಟ್ಟೂ ಕೊಡ್ತಾ ಇದ್ದರು. ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ 5-2 ಹೊಡೀತು. ಆಗ ರನಿಯೇರಿ ಎರಡೂ ಕಡೆಯ ಫುಲ್‌ಬ್ಯಾಕ್ ಬದಲಾಯಿಸಿ ಡ್ಯಾನಿ ಸಿಂಪ್ಸನ್, ಕ್ರಿಸ್ಟಿಯನ್ ಫುಕ್ಸ್ ಇಬ್ಬರನ್ನ ಹಾಕಿದರು. ಒಂದೂ ಗೋಲು ಬಿಟ್ಟುಕೊಡದೆ ಒಂದು ಮ್ಯಾಚ್ ಗೆಲ್ಲಿ, ಪಿಜ್ಜಾ ಕೊಡಿಸ್ತೀನಿ ಅಂತ ಮಾತು ಕೊಟ್ಟರು. ಅಕ್ಟೋಬರ್ 24ಕ್ಕೆ ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ 1-0. ಪಿಜ್ಜಾ ಕೊಡಿಸಿದರು, ಆದರೆ ಹಿಟ್ಟು ನಾದೋದು, ಬೇಯಿಸೋದು ಎಲ್ಲಾ ಆಟಗಾರರ ಕೈಯಲ್ಲೇ ಮಾಡಿಸಿದರು!

ವಾರ್ಡಿ ಸತತ 11 ಲೀಗ್ ಮ್ಯಾಚಲ್ಲಿ ಗೋಲು ಹೊಡೆದು ದಾಖಲೆ ಮಾಡಿದ್ದು ನಿಮಗೆಲ್ಲ ಗೊತ್ತು. ನನಗೆ ಇಷ್ಟ ಆಗೋದು ಫೆಬ್ರವರಿ. 6ನೇ ತಾರೀಕು ಮ್ಯಾಂಚೆಸ್ಟರ್ ಸಿಟಿಯನ್ನ ಅವರ ನೆಲದಲ್ಲೇ 3-1 ಸೋಲಿಸಿದರು, ಹೂತ್ ಎರಡು ಗೋಲು. ಎಂಟೇ ದಿನಕ್ಕೆ ಆರ್ಸೆನಲ್ ವಿರುದ್ಧ ಕೊನೇ ಕ್ಷಣದ ಗೋಲಿಗೆ 2-1 ಸೋಲು. ಎಲ್ಲರೂ ಅಂದ್ಕೊಂಡರು, ಮುಗೀತು, ಗಾಳಿ ಹೋಯ್ತು. ಬೇರೆ ಕೋಚ್ ಆಗಿದ್ದರೆ ಎರಡು ಹೊತ್ತು ಪ್ರಾಕ್ಟೀಸ್ ಇಡ್ತಾ ಇದ್ದರು. ರನಿಯೇರಿ ಆಟಗಾರರಿಗೆ ಒಂದು ವಾರ ರಜೆ ಕೊಟ್ಟರು.

ವಾಪಸ್ ಬಂದ ಮೇಲೆ, ಮಾರ್ಚ್‌ನಿಂದ ಏಪ್ರಿಲ್ ಶುರುವಿನವರೆಗೆ ನಾಲ್ಕು ಮ್ಯಾಚ್ ನೋಡಿ: ವಾಟ್‌ಫರ್ಡ್ 1-0, ನ್ಯೂಕಾಸಲ್ 1-0, ಕ್ರಿಸ್ಟಲ್ ಪ್ಯಾಲೆಸ್ 1-0, ಸೌತಾಂಪ್ಟನ್ 1-0. ಇದು ಲಕ್ ಅಲ್ಲ. ಇದು ಕತಾಂಝಾರೋ. ಒಂದು ಗೋಲು ಹೊಡಿ, ಬಾಗಿಲು ಹಾಕು.

ಮೇ 2ರಂದು ಟೋಟನಂ, ಚೆಲ್ಸಿ ವಿರುದ್ಧ 2-2 ಡ್ರಾ ಮಾಡಿಕೊಂಡು ಲೆಸ್ಟರ್ ಚಾಂಪಿಯನ್ ಆಯ್ತು. ಅವತ್ತು ಮಧ್ಯಾಹ್ನ ರನಿಯೇರಿ ಇಟಲಿಗೆ ಹೋಗಿ 96 ವರ್ಷದ ಅಮ್ಮನ ಜೊತೆ ಊಟ ಮಾಡಿ ಬಂದಿದ್ದರು. ಕೊನೇ ಲೆಕ್ಕ 81 ಪಾಯಿಂಟ್, 38ರಲ್ಲಿ ಬರೀ ಮೂರು ಸೋಲು. ಅದರಲ್ಲಿ ಎರಡು ಆರ್ಸೆನಲ್ ಕೈಯಲ್ಲಿ, ಆ ಆರ್ಸೆನಲ್ ಹತ್ತು ಪಾಯಿಂಟ್ ಹಿಂದೆ.

2017ರ ಜನವರಿಯಲ್ಲಿ ಫಿಫಾ ಇವರಿಗೆ ಜಗತ್ತಿನ ಅತ್ಯುತ್ತಮ ಕೋಚ್ ಪ್ರಶಸ್ತಿ ಕೊಡ್ತು. ಫೆಬ್ರವರಿ 23ಕ್ಕೆ ಲೆಸ್ಟರ್ ಡಿಸ್ಮಿಸ್ ಮಾಡ್ತು. ಕಾಂಟೆ ಚೆಲ್ಸಿಗೆ ಹೋಗಿದ್ದ, ಆ ವರ್ಷ ಲೀಗ್‌ನಲ್ಲಿ ಒಂದೂ ಗೋಲು ಬಂದಿರಲಿಲ್ಲ, ಕೆಳಗೆ ಬೀಳೋಕೆ ಒಂದೇ ಪಾಯಿಂಟ್ ದೂರ. ಕ್ಲಬ್ ಕಡೆಯಿಂದ ನೋಡಿದರೆ ಭಯ ನಿಜಾನೇ, ಆ ಭಯ ನನಗೂ ಅರ್ಥ ಆಗತ್ತೆ. ಆದರೂ ಒಂಬತ್ತೇ ತಿಂಗಳು ಕಣ್ರೋ! ಮರುದಿನ ಒಬ್ಬ ಕೋಚ್ ತನ್ನ ಅಂಗಿಯ ಮೇಲೆ ಸಿ.ಆರ್. ಅಂತ ಅಕ್ಷರ ಹಾಕಿಸ್ಕೊಂಡು ಪ್ರೆಸ್ ಮೀಟ್‌ಗೆ ಬಂದ. ಹತ್ತು ವರ್ಷ ಇವರನ್ನ ಆಡಿಕೊಂಡು ನಕ್ಕಿದ್ದ ಮೊರಿನ್ಯೊ.

ಭಾಗ 8

ಕಥೆ ಇಲ್ಲಿಗೆ ನಿಲ್ಲಿಸೋರೇ ಜಾಸ್ತಿ. ಆಮೇಲಿಂದು ಎಲ್ಲಾ ಚೆನ್ನಾಗಿತ್ತು ಅಂತ ನಾನೂ ಹೇಳಲ್ಲ. ಫುಲಂನಲ್ಲಿ ನಾಲ್ಕು ತಿಂಗಳೂ ಇರಲಿಲ್ಲ, ವಾಟ್‌ಫರ್ಡ್‌ನಲ್ಲೂ ಅಷ್ಟೇ. ಎರಡೂ ಟೀಮು ಆ ಸೀಸನ್‌ಗಳಲ್ಲಿ ಕೆಳಗೆ ಬಿದ್ದವು.

2023ರ ಜನವರಿ. 71 ವರ್ಷ. ಮತ್ತೆ ಕಾಲ್ಯರಿ, ಮತ್ತೆ ಎರಡನೇ ಡಿವಿಷನ್, ಟೇಬಲ್‌ನ ಮಧ್ಯದಲ್ಲಿ ಎಲ್ಲೋ. ಅಲ್ಲಿಂದ ಐದನೇ ಸ್ಥಾನಕ್ಕೆ ತಂದು ಪ್ಲೇ ಆಫ್ ಫೈನಲ್. ಎದುರಾಳಿ ಬಾರಿ. ಮೊದಲ ಲೆಗ್ 1-1. ಡ್ರಾ ಆದರೆ ಟೇಬಲ್‌ನಲ್ಲಿ ಮೇಲಿದ್ದ ಬಾರಿಗೇ ಪ್ರಮೋಷನ್. ಜೂನ್ 11, ಬಾರಿ ಸ್ಟೇಡಿಯಂ ತುಂಬಿ ತುಳುಕ್ತಾ ಇದೆ, 90 ನಿಮಿಷ ಮುಗಿದಿದೆ, ಸ್ಕೋರ್ 0-0. 94ನೇ ನಿಮಿಷ, ಕೊನೆಯಲ್ಲಿ ಇಳಿದಿದ್ದ ಪವೊಲೆತ್ತಿ ಗೋಲು.

ಈ ಫೋಟೋದಲ್ಲಿ ರನಿಯೇರಿ ಅಳ್ತಾ ಇದ್ದಾರೆ, ಅದು ಆ ಗೋಲಾದ ಮೇಲೆ. ಅದಾದ ಮೇಲೆ ಇನ್ನೊಂದು ಆಯ್ತು. ಕಾಲ್ಯರಿ ಅಭಿಮಾನಿಗಳು ಬಾರಿಯವರನ್ನ ಆಡಿಕೊಳ್ಳೋಕೆ ಶುರು ಮಾಡಿದಾಗ ಇವರು ಸ್ಟ್ಯಾಂಡ್ ಹತ್ತಿರ ಹೋಗಿ ಕೈ ಮಾಡಿ ನಿಲ್ಲಿಸಿದರು, ಅವರಿಗೂ ಚಪ್ಪಾಳೆ ಹೊಡೀರಿ ಅಂತ. ಕೊನೇ ನಿಮಿಷದಲ್ಲಿ ಸೋಲೋದು ಹೇಗಿರತ್ತೆ ಅಂತ ಈ ಮನುಷ್ಯನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ.

ಮುಂದಿನ ಸೀಸನ್ ಸೀರಿ ಎಯಲ್ಲಿ ಮೊದಲ ಒಂಬತ್ತು ಮ್ಯಾಚ್ ಗೆಲುವೇ ಇಲ್ಲ. ಹತ್ತನೇದರಲ್ಲಿ ಫ್ರೊಸಿನೋನೆ ವಿರುದ್ಧ 0-3 ಹಿಂದೆ ಇದ್ದು, 4-3 ಗೆದ್ದರು. ಕೊನೇ ಎರಡು ಗೋಲು ಇಂಜುರಿ ಟೈಮಲ್ಲಿ, ಎರಡೂ ಪವೊಲೆತ್ತಿದು. ಟೀಮು ಉಳೀತು. 2024ರ ಮೇನಲ್ಲಿ ರಿಟೈರ್ ಆದರು, ಊರಿಗೆ ಊರೇ ಅತ್ತು ಕಳಿಸ್ತು.

ಆರು ತಿಂಗಳೂ ಆಗಲಿಲ್ಲ, ರೋಮಾ ಫೋನ್ ಬಂತು. ಅದೇ ಸೀಸನ್‌ನಲ್ಲಿ ಇಬ್ಬರು ಕೋಚ್‌ಗಳು ಹೋಗಿದ್ದರು, ಮೊದಲನೆಯವನು ಯಾರು ಗೊತ್ತಾ, 2010ರ ಡರ್ಬಿಯಲ್ಲಿ ಹಾಫ್ ಟೈಮ್‌ಗೆ ಹೊರಗೆ ಕೂತಿದ್ದ ಡೆ ರೊಸ್ಸಿ. ರೋಮಾ 12ನೇ ಸ್ಥಾನದಲ್ಲಿತ್ತು. ರನಿಯೇರಿಗೆ 73. ಡಿಸೆಂಬರ್‌ನಿಂದ ಮೇವರೆಗೆ ಲೀಗ್‌ನಲ್ಲಿ ಸತತ 19 ಮ್ಯಾಚ್ ಸೋಲಲಿಲ್ಲ. 2025ರ ಮೇ 25, ಕೊನೇ ದಿನ, ರೋಮಾ 2-0ರಿಂದ ಟೊರಿನೊವನ್ನ ಸೋಲಿಸ್ತು. ಅದೇ ಹೊತ್ತಿಗೆ ಯುವೆಂಟಸ್ ಕೂಡ ವೆನಿಸ್‌ನಲ್ಲಿ 3-2 ಗೆದ್ದುಬಿಡ್ತು. ನಾಲ್ಕನೇ ಸ್ಥಾನ, ಅಂದ್ರೆ ಚಾಂಪಿಯನ್ಸ್ ಲೀಗ್, ಯುವೆಂಟಸ್‌ಗೆ 70 ಪಾಯಿಂಟ್. ಐದನೇ ಸ್ಥಾನ ರೋಮಾಗೆ 69.

ಜೂನ್‌ನಲ್ಲಿ ಇಟಲಿ ರಾಷ್ಟ್ರೀಯ ತಂಡದ ಕೋಚ್ ಆಗಿ ಅಂತ ಕರೆದರು. ಆಟಗಾರನಾಗಿ ಒಂದು ಸಲವೂ ಸಿಗದ ನೀಲಿ ಬಣ್ಣ. ರೋಮಾಗೆ ಸಲಹೆಗಾರನಾಗಿ ಇರ್ತೀನಿ ಅಂತ ಮಾತು ಕೊಟ್ಟಿದ್ದೀನಿ ಅಂದು ಬೇಡ ಅಂದರು.

ಸರಿ ಮಗಾ, ಹದಿನೆಂಟು ಲೈಕ್ ತಗೊಂಡಿದ್ದ ಆ ಕಾಮೆಂಟ್ ಇನ್ನೂ ಅಲ್ಲೇ ಇದೆ. ಡಿಲೀಟ್ ಮಾಡಬೇಡ, ಕೆಳಗೆ ಉತ್ತರ ಬರಿ.